ತೂಬಿನ ಮೇಲಿನವರು, ತೂಬಿನ ಕೆಳಗಿನವರು

ಜುಲೈ ಮುಗಿಯುತ್ತ ಬಂದರೂ ಕಾವೇರಿಯ ಕನ್ನಂಬಾಡಿ ಕಟ್ಟೆ ತುಂಬದ ವರ್ಷ ನಿಮ್ಮ ಫೋನಿಗೆ ಏನೇನು ಬರುತ್ತದೆ ಅಂತ ನನಗೆ ಗೊತ್ತು ಮಕ್ಕಳಾ. ಮೊದಲು ಕಟ್ಟೆಯ ನೀರಿನ ಮಟ್ಟದ ಚಿತ್ರ. ಮಾರನೇ ದಿನ ಯಾರೋ ಎರಡು ಬೈಗುಳ ಸೇರಿಸಿ ಕಳಿಸಿದ ಸಂದೇಶ. ವಾರ ಕಳೆಯುವ ಹೊತ್ತಿಗೆ ಎಲ್ಲಿಯದೋ ಹೊಡೆದಾಟದ ವಿಡಿಯೊ. ಅಷ್ಟರಲ್ಲಿ ಮಳೆಯ ಮಾತು ಹಿಂದೆ ಸರಿದು, ‘ಅವರು’ ಅನ್ನುವುದೊಂದೇ ಉಳಿದಿರುತ್ತದೆ. ಮಂಡ್ಯ ಸೀಮೆಯಲ್ಲಿ ಹುಟ್ಟಿ, ಇಲ್ಲೇ ಮೇಷ್ಟ್ರಾಗಿ ಕೂದಲು ನೆರೆಸಿಕೊಂಡವನು ನಾನು. ಈ ‘ಅವರು’ ಎಲ್ಲಿಂದ ಶುರುವಾಗುತ್ತಾರೆ ಅನ್ನುವುದನ್ನು ನಿಮಗೆ ನಾಲೆಯ ಮೇಲೇ ತೋರಿಸಬಲ್ಲೆ.

ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. ಪಾಂಡವಪುರ, ಮಂಡ್ಯ ದಾಟಿ ಮದ್ದೂರು, ಮಳವಳ್ಳಿಯ ತುದಿಗೆ ನೀರು ಬರುವಷ್ಟರಲ್ಲಿ ಅದರ ಉಸಿರು ನಿಂತಿರುತ್ತದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ ನೀರು ಬಿಟ್ಟಾಗ, ರಾತ್ರಿ ಟಾರ್ಚು, ಕಂಬಳಿ ಹಿಡಿದುಕೊಂಡು ಜನ ತೂಬಿನ ಹತ್ತಿರ ಕಾವಲು ಕೂರುತ್ತಾರೆ. ಮೇಲಿನ ಊರಿನವರು ಹಲಗೆ ಎತ್ತಿದರೋ ಇಲ್ಲವೋ, ಕಲ್ಲು ಮಣ್ಣು ಹಾಕಿ ಕಟ್ಟಿದರೋ ಅಂತ ನೋಡಿ ಬರಲು ಬೈಕಿನಲ್ಲಿ ಇಬ್ಬರು ಹುಡುಗರು ಹೋಗುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿ ಕೂತವರನ್ನು ಕೇಳಿ, ನಿಮ್ಮ ಪಾಲಿನ ನೀರು ತಿಂದವರು ಯಾರು ಅಂತ. ತಮಿಳುನಾಡಿನ ತಂಜಾವೂರಿನವರು ಅನ್ನುವುದಿಲ್ಲ, ‘ಮೇಲಿನವರು’ ಅನ್ನುತ್ತಾರೆ. ಆ ಮೇಲಿನವರು ಕನ್ನಡಿಗರೇ. ಎಷ್ಟೋ ಸಲ ಬೀಗರು ಕೂಡ. ಹೇಮಾವತಿ ಲಿಂಕ್ ಕೆನಾಲ್ ವಿಚಾರದಲ್ಲಿ ತುಮಕೂರಿನವರಿಗೂ ಮಾಗಡಿಯವರಿಗೂ ನಡೆಯುತ್ತಿರುವ ಜಗ್ಗಾಟವನ್ನೇ ನೋಡಿ, ಅಲ್ಲಿ ಒಬ್ಬ ತಮಿಳನೂ ಇಲ್ಲ. ಕೆಳಗೆ ಡೆಲ್ಟಾಕ್ಕೆ ಹೋದರೂ ಇದೇ ಕತೆ. ಸಮುದ್ರದ ಪಕ್ಕದ ನಾಗಪಟ್ಟಣದ ಕೊನೇ ಹೊಲದವನಿಗೆ ತಂಜಾವೂರಿನವನೇ ಮೇಲಿನವನು.

ಗಡಿಯ ಗೆರೆಯೂ ಅಷ್ಟೇ ವಿಚಿತ್ರ. ಡಾ. ರಾಜ್‌ಕುಮಾರ್ ಅವರ ಗಾಜನೂರು ಈಗಿರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. 2000ದ ಜುಲೈನಲ್ಲಿ ಅದೇ ಊರಿನಿಂದ ಅವರನ್ನು ಅಪಹರಿಸಿದ ವೀರಪ್ಪನ್ ಹುಟ್ಟಿದ ಗೋಪಿನಾಥಂ ಇರುವುದು ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ. ರಾಜ್‌ಕುಮಾರ್ ಸೆರೆಯಲ್ಲಿದ್ದ 108 ದಿನ ಎರಡೂ ಕಡೆ ಕೂಗಿದವರು ಈ ಎರಡು ಊರನ್ನು ನಕ್ಷೆಯಲ್ಲಿಟ್ಟು ಒಂದು ಸಲ ನೋಡಿದ್ದರೆ ಚೆನ್ನಾಗಿತ್ತು. ಗಾಜನೂರು ಇರುವ ತಾಳವಾಡಿ ಸೀಮೆಯಲ್ಲಿ ಬಹಳ ಜನರ ಮನೆಮಾತು ಕನ್ನಡ, ಓಟು ತಮಿಳುನಾಡಿಗೆ. ನೀವು ಇಲ್ಲಿ ಟಿಎನ್ ನಂಬರಿನ ಗಾಡಿಗೆ ಕಲ್ಲು ಎತ್ತಿಕೊಂಡರೆ, ಆ ಗಾಡಿ ತಾಳವಾಡಿಯ ಕನ್ನಡಿಗನದೇ ಆಗಿರಬಹುದು.

ಜನ ಕೆಟ್ಟವರು, ಅದಕ್ಕೇ ಹೀಗೆ ಅಂತ ತೀರ್ಮಾನಕ್ಕೆ ಬರಬೇಡಿ. ಗುಂಪು ಕಟ್ಟಿಕೊಳ್ಳುವುದು ಮನುಷ್ಯನಿಗೆ ಎಷ್ಟು ಸಲೀಸು ಅನ್ನುವುದನ್ನು ಹೆನ್ರಿ ತಾಜ್‌ಫೆಲ್ ಅನ್ನುವ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತೋರಿಸಿದರು. ಪೋಲೆಂಡಿನ ಯಹೂದಿ ಅವರು. ಎರಡನೇ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕು ಬದುಕಿ ಬಂದಾಗ ಮನೆಯವರು ಬಹುಪಾಲು ಉಳಿದಿರಲಿಲ್ಲ. ತಾಜ್‌ಫೆಲ್ ಶಾಲೆಯ ಹುಡುಗರಿಗೆ ಎರಡು ಬಗೆಯ ಚಿತ್ರ ತೋರಿಸಿ, ‘ನೀನು ಈ ಕಲಾವಿದನನ್ನು ಮೆಚ್ಚಿದ ಗುಂಪು, ನೀನು ಆ ಗುಂಪು’ ಅಂತ ಹೇಳಿದರು. ನಿಜದಲ್ಲಿ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತ ಒಬ್ಬನಿಗೂ ಗೊತ್ತಿಲ್ಲ, ಹಳೆಯ ಜಗಳವೂ ಇಲ್ಲ. ಆಮೇಲೆ ಬೇರೆಯವರಿಗೆ ದುಡ್ಡು ಹಂಚಲು ಬಿಟ್ಟರು. ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು, ಅದು ಸಹಜ. ಆದರೆ ತಮ್ಮವರಿಗೆ ಒಂದಿಷ್ಟು ಕಡಿಮೆಯಾದರೂ ಸರಿ, ಆ ಕಡೆಯವರಿಗಿಂತ ಮೇಲಿರಬೇಕು ಅನ್ನುವ ಲೆಕ್ಕಕ್ಕೂ ಎಷ್ಟೋ ಸಲ ಕೈಹಾಕಿದರು.

ಆ ಕೊನೆಯ ಮಾತನ್ನು ಇನ್ನೊಂದು ಸಲ ಓದಿ. ನಮಗೆ ಬರುವ ನೀರು ಎಷ್ಟು ಅನ್ನುವುದಕ್ಕಿಂತ ಅವರಿಗೆ ಹೋಗುವ ನೀರು ಎಷ್ಟು ಅನ್ನುವುದೇ ದೊಡ್ಡ ಸುದ್ದಿಯಾಗುವುದನ್ನು ನಾನು ಬಹಳ ವರ್ಷದಿಂದ ನೋಡುತ್ತಿದ್ದೇನೆ. ನಾಲೆಗೆ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಕೇಳಿದರೆ ಧರಣಿಯಲ್ಲಿ ಕೂತ ಹತ್ತು ಜನರಲ್ಲಿ ಒಬ್ಬ ಹೇಳುತ್ತಾನೋ ಇಲ್ಲವೋ. ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿಗೆ ಎಷ್ಟು ಹೋಯಿತು ಅನ್ನುವುದನ್ನು ಮಾತ್ರ ಹತ್ತೂ ಜನ ಹೇಳುತ್ತಾರೆ.

ಹಾಗಂತ ಕರ್ನಾಟಕದ ದೂರು ಬರೀ ಮನಸ್ಸಿನ ಆಟ ಅಂತ ನಾನು ಹೇಳಿದ್ದೇನೆ ಅಂದುಕೊಳ್ಳಬೇಡಿ. 1892 ಮತ್ತು 1924ರ ಕಾವೇರಿ ಒಪ್ಪಂದಗಳು ಆದದ್ದು ಮೈಸೂರು ಸಂಸ್ಥಾನಕ್ಕೂ ಬ್ರಿಟಿಷರ ಮದ್ರಾಸ್ ಪ್ರೆಸಿಡೆನ್ಸಿಗೂ ನಡುವೆ. ಯಾರ ಕೈ ಮೇಲಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ನಾವು ಎಷ್ಟು ಎಕರೆಗೆ ನೀರಾವರಿ ವಿಸ್ತರಿಸಬಹುದು ಅನ್ನುವುದಕ್ಕೂ 1924ರ ಒಪ್ಪಂದದಲ್ಲಿ ಕಟ್ಟಳೆ ಇತ್ತು. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಐತೀರ್ಪು ಕೊಟ್ಟಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಆ ಹೆಚ್ಚಳದಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಇದು ದಕ್ಕಿದ್ದು ವಕೀಲರು, ಎಂಜಿನಿಯರುಗಳು ವರ್ಷಗಟ್ಟಲೆ ಕಡತ ಹೊತ್ತು ವಾದ ಮಾಡಿದ್ದರಿಂದ. ಸುಟ್ಟ ಬಸ್ಸಿನಿಂದ ಒಂದು ಹನಿಯೂ ಬರಲಿಲ್ಲ.

ಬಸ್ಸು ಅಂದಾಗ 2016ರ ಸೆಪ್ಟೆಂಬರ್ 12 ಜ್ಞಾಪಕ ಬರುತ್ತದೆ. ನಿಮ್ಮಲ್ಲಿ ಕೆಲವರು ಆಗ ಹೈಸ್ಕೂಲಿನಲ್ಲಿದ್ದಿರಿ. ಬೆಂಗಳೂರಿನಲ್ಲಿ ಒಬ್ಬ ತಮಿಳು ಹುಡುಗನಿಗೆ ಹೊಡೆದ ವಿಡಿಯೊ ಆ ಕಡೆ ಓಡಾಡಿತು. ರಾಮೇಶ್ವರಂನಲ್ಲಿ ಕರ್ನಾಟಕದ ಡ್ರೈವರ್ ಒಬ್ಬನಿಗೆ ಹೊಡೆದ ವಿಡಿಯೊ ಈ ಕಡೆ ಬಂತು. ಸಂಜೆಯೊಳಗೆ ಒಂದು ಡಿಪೊದಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳು ಬೂದಿ. ಎರಡೂ ವಿಡಿಯೊದಲ್ಲಿ ಇದ್ದವರು ಬೆರಳೆಣಿಕೆಯ ಜನ. ಕೋಟಿಗಟ್ಟಲೆ ಜನರ ಪರವಾಗಿ ಮಾತಾಡಲು ಅವರಿಗೆ ಅಧಿಕಾರ ಕೊಟ್ಟವರು ಬೇರೆ ಯಾರೂ ಅಲ್ಲ, ಆ ವಿಡಿಯೊಗಳನ್ನು ಮುಂದಕ್ಕೆ ಕಳಿಸಿದ ಹೆಬ್ಬೆರಳುಗಳು. 1991ರ ಡಿಸೆಂಬರಿನ ಕಾವೇರಿ ಗಲಭೆಯ ಹೊತ್ತಿಗೆ ಮೊಬೈಲೂ ಇರಲಿಲ್ಲ, ಬಾಯಿಮಾತಿನ ಗಾಳಿಸುದ್ದಿಯೇ ಸಾಕಾಯಿತು. ಜೀವಗಳು ಹೋದವು, ಸಾವಿರಾರು ತಮಿಳರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು ಬಿಟ್ಟರು. ಅವರಲ್ಲಿ ಬಹಳ ಜನ ಕೂಲಿಗಳು. ಅಂಗೈ ಅಗಲ ಗದ್ದೆಯೂ ಇಲ್ಲದವರು, ಕಾವೇರಿಯ ನೀರಿನಲ್ಲಿ ಅವರಿಗೇನು ಪಾಲು?

ಇದಕ್ಕೆ ಮದ್ದೇನು ಅಂತ ಕೇಳುತ್ತೀರಿ. ‘ಎಲ್ಲರೂ ಒಂದಾಗಿ ಬೆರೆತು ಊಟ ಮಾಡಿ’ ಅನ್ನುವ ಸಲಹೆಯಲ್ಲಿ ನನಗೆ ಅರ್ಧ ನಂಬಿಕೆ. ಮುಜಫರ್ ಶರೀಫ್ ಅನ್ನುವ ಟರ್ಕಿ ಮೂಲದ ವಿದ್ವಾಂಸರು 1954ರಲ್ಲಿ ಅಮೆರಿಕದ ಓಕ್ಲಹೋಮದ ರಾಬರ್ಸ್ ಕೇವ್ ಶಿಬಿರದಲ್ಲಿ ಹನ್ನೊಂದರ ಆಸುಪಾಸಿನ 22 ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯ ಕಟ್ಟಿದರು. ಒಂದೇ ಪಟ್ಟಣದ, ಒಂದೇ ಬಗೆಯ ಮನೆಗಳ ಮಕ್ಕಳು. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಒಬ್ಬರ ಗುಡಿಸಿಲಿಗೆ ಇನ್ನೊಬ್ಬರು ನುಗ್ಗಿದರು. ಆಮೇಲೆ ಜೊತೆಗೆ ಊಟಕ್ಕೆ ಕೂರಿಸಿ ನೋಡಿದರೆ ತಟ್ಟೆಯಲ್ಲಿದ್ದುದನ್ನೇ ಎರಚಾಡಿದರು. ಅವರು ಮೆತ್ತಗಾದದ್ದು ಶಿಬಿರದ ನೀರು ನಿಂತಾಗ. ಗುಡ್ಡದ ಮೇಲಿನ ತೊಟ್ಟಿಯಿಂದ ನೀರು ಬರದಂತೆ ಶಿಬಿರದವರೇ ಗುಟ್ಟಾಗಿ ತಡೆದಿದ್ದರು. ಬಾಯಾರಿದ ಹುಡುಗರು ಪೈಪಿನುದ್ದಕ್ಕೂ ಹುಡುಕುತ್ತ ಹೋಗಿ, ಎರಡು ಗುಂಪೂ ಸೇರಿ ನಲ್ಲಿಗೆ ತುರುಕಿದ್ದ ಗೋಣಿಯನ್ನು ಕಿತ್ತರು. ಇನ್ನೊಂದು ದಿನ ಲಾರಿ ಸ್ಟಾರ್ಟ್ ಆಗದೆ ನಿಂತಾಗ, ಹಗ್ಗಜಗ್ಗಾಟಕ್ಕೆ ತಂದಿದ್ದ ಹಗ್ಗವನ್ನೇ ಕಟ್ಟಿ ಎಲ್ಲರೂ ಒಂದೇ ಕಡೆಗೆ ಎಳೆದರು.

ಈ ಪ್ರಯೋಗದ ಬಗ್ಗೆ ತಕರಾರುಗಳಿವೆ, ದೊಡ್ಡವರೇ ಮಕ್ಕಳಿಗೆ ಕಡ್ಡಿ ಆಡಿಸಿದರು ಅಂತ. ಸರಿಯಾದ ತಕರಾರೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಹಿಂದಿನ ವರ್ಷ, 1953ರಲ್ಲಿ, ನ್ಯೂಯಾರ್ಕ್ ರಾಜ್ಯದ ಮಿಡ್ಲ್ ಗ್ರೋವ್‌ನಲ್ಲಿ ಇದೇ ಶರೀಫರು ಮಾಡಲು ಹೋಗಿ ಕೈಬಿಟ್ಟ ಪ್ರಯೋಗ. ಅಲ್ಲಿ ಗುಂಪು ಮಾಡುವ ಮುಂಚೆ ಹುಡುಗರು ಒಟ್ಟಿಗೇ ಆಡಿ ಸ್ನೇಹಿತರಾಗಿಬಿಟ್ಟಿದ್ದರು. ಬೇರೆ ಮಾಡಿ, ಕೆಣಕಿ ನೋಡಿದರೂ ಹಗೆ ಹತ್ತಲಿಲ್ಲ. ಇದೆಲ್ಲ ದೊಡ್ಡವರದೇ ಕೆಲಸ ಅಂತ ಹುಡುಗರಿಗೇ ಗೊತ್ತಾಯಿತು.

ನಮ್ಮಲ್ಲೂ ಹೀಗೆ ಪರಿಚಯ ಬೆಳೆಸುವ ಒಂದು ಕೆಲಸ ನಡೆಯಿತು, ಪೇಪರಿನಲ್ಲಿ ಮಾತ್ರ ಬಸ್ಸು ಸುಟ್ಟಷ್ಟು ದೊಡ್ಡದಾಗಿ ಬರಲಿಲ್ಲ. 2002ರ ಬರದಲ್ಲಿ ಎರಡೂ ಕಡೆ ಕಾವೇರಿದ ಮೇಲೆ, 2003ರಲ್ಲಿ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊ. ಎಸ್. ಜನಕರಾಜನ್ ಮುಂದೆ ನಿಂತು ಎರಡೂ ರಾಜ್ಯದ ರೈತರನ್ನು ಎದುರುಬದುರು ಕೂರಿಸಿದರು. ಆ ಕಡೆಯಿಂದ ಮನ್ನಾರ್‌ಗುಡಿ ರಂಗನಾಥನ್, ಈ ಕಡೆಯಿಂದ ನಮ್ಮ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರಂಥವರು. ‘ಕಾವೇರಿ ಕುಟುಂಬ’ ಅಂತ ಹೆಸರಿಟ್ಟುಕೊಂಡರು. ಅಲ್ಲಿಯವರು ಇಲ್ಲಿಗೆ ಬಂದು, ಇಲ್ಲಿಯವರು ಅಲ್ಲಿಗೆ ಹೋಗಿ ಗದ್ದೆ ನೋಡಿದರು. ಎರಡೂ ಸರ್ಕಾರ ಒಪ್ಪುವಂಥ ಹಂಚಿಕೆಯ ಸೂತ್ರ ಅವರಿಂದ ಹೊರಬರಲಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಒಬ್ಬರ ಬೆಳೆಯ ಲೆಕ್ಕ ಇನ್ನೊಬ್ಬರಿಗೆ ಗೊತ್ತಾಯಿತು.

ಆ ಲೆಕ್ಕ ನಿಮಗೂ ಗೊತ್ತಿರಲಿ. ಮೆಟ್ಟೂರು ಕಟ್ಟೆಯಿಂದ ನೀರು ಬಿಡುವ ವಾಡಿಕೆಯ ದಿನ ಜೂನ್ 12. ಆ ನೀರಿನಲ್ಲಿ ಡೆಲ್ಟಾದವರು ಕುರುವೈ ಅನ್ನುವ ಅಲ್ಪಾವಧಿ ಭತ್ತ ನಾಟಿ ಮಾಡುತ್ತಾರೆ. ಮಡಿ ಬಿಟ್ಟ ಪೈರು ನಮ್ಮ ಮಳೆಗೆ ಕಾಯುವುದಿಲ್ಲ. ಅವರ ದೊಡ್ಡ ಬೆಳೆ ಸಾಂಬಾಕ್ಕೆ ಅಕ್ಟೋಬರ್ ಮೇಲಿನ ಹಿಂಗಾರು ಮಳೆ ಆಸರೆ. ನಮ್ಮ ಕಟ್ಟೆ ತುಂಬಬೇಕಾದರೆ ಕೊಡಗಿನಲ್ಲಿ ಮುಂಗಾರು ಸುರಿಯಬೇಕು. ಅಂದರೆ ಅವರಿಗೆ ನೀರು ಬೇಕೇ ಬೇಕಾದ ಜೂನ್‌ನಲ್ಲಿ ನಮ್ಮ ಕಟ್ಟೆ ಇನ್ನೂ ಖಾಲಿ. 2018ರ ತೀರ್ಪಿನ ಪ್ರಕಾರ ಸಾಧಾರಣ ವರ್ಷದಲ್ಲಿ ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95 ಟಿಎಂಸಿ ಬಿಡಬೇಕು. ಮಳೆ ಬಂದ ವರ್ಷ ಈ ಅಂಕಿ ಯಾರ ಬಾಯಲ್ಲೂ ಇರುವುದಿಲ್ಲ. ಕೈಕೊಟ್ಟ ವರ್ಷ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವ ಸಂಕಷ್ಟ ಸೂತ್ರವೇ ಇಂದಿಗೂ ಜಗಳದ ಗಂಟು. ಆ ಗಂಟು ಬಿಚ್ಚಲು ಜಲಶಾಸ್ತ್ರ, ಕಾನೂನು, ಬೇಸಾಯ ಬಲ್ಲ ಹುಡುಗ ಹುಡುಗಿಯರು ಬೇಕು. ಘೋಷಣೆ ಕೂಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಇನ್ನು ನಿಮ್ಮ ಕೈಯಲ್ಲಾಗುವ ಮಾತು. ‘ಅವರು’ ಅಂತ ಯಾರಾದರೂ ಶುರು ಮಾಡಿದ ಕೂಡಲೇ ‘ಯಾವ ಊರಿನವರು, ಏನು ಬೆಳೆಯುವವರು?’ ಅಂತ ಕೇಳಿ. ಅರ್ಧ ಜನ ಅಲ್ಲೇ ತಡವರಿಸುತ್ತಾರೆ. ಹಾಸ್ಟೆಲಿನಲ್ಲಿ, ಕಂಪನಿಯಲ್ಲಿ ಆ ಕಡೆಯ ಗೆಳೆಯರಿದ್ದರೆ ಮಳೆ ಚೆನ್ನಾಗಿ ಬಂದ ವರ್ಷವೇ ಅವರ ಊರಿಗೆ ಹೋಗಿ ಬನ್ನಿ. ಜಗಳದ ವರ್ಷ ಆಗುವ ಪರಿಚಯ ನಿಲ್ಲುವುದಿಲ್ಲ. ಹತ್ತಿರ ಬರಲು ಹೆದರಬೇಕಿಲ್ಲ. ಬೆಂಗಳೂರಿನ ಹಲಸೂರು ಕೆರೆಯ ಬಳಿಯ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಕನ್ನಡ-ತಮಿಳು ಜಗಳದಲ್ಲಿ 18 ವರ್ಷ ಮುಸುಕು ಹೊದ್ದು ನಿಂತಿತ್ತು. 2009ರ ಆಗಸ್ಟ್ 9ರಂದು ಅದರ ಮುಸುಕು ತೆಗೆದರು, ನಾಲ್ಕು ದಿನ ಬಿಟ್ಟು ಚೆನ್ನೈನಲ್ಲಿ ನಮ್ಮ ಕವಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಆವತ್ತು ಆಕಾಶವೇನೂ ಕಳಚಿ ಬೀಳಲಿಲ್ಲ.

ಮುಂದಿನ ಸಲ ಬಂದ್ ಆದಾಗ ಟಿಎನ್ ನಂಬರಿನ ಲಾರಿಯೊಂದು ನಮ್ಮ ಊರಿನಲ್ಲಿ ಸಿಕ್ಕಿಹಾಕಿಕೊಂಡರೆ, ಅದನ್ನು ಅಕ್ಕಿ ಗಿರಣಿಯ ಅಂಗಳದೊಳಕ್ಕೆ ತಂದು ನಿಲ್ಲಿಸಿ ಗೇಟು ಹಾಕಿ. ಡ್ರೈವರನನ್ನು ಕೂರಿಸಿ ಮುದ್ದೆ, ಸಾರು ಬಡಿಸಿ. ಅವನ ಮನೆಗೊಂದು ಫೋನು ಮಾಡಿಸಿ. ಆಮೇಲೆ ಬಂದು ಧರಣಿಯಲ್ಲಿ ಕೂತುಕೊಳ್ಳಿ, ನಾಲೆಗೆ ನೀರು ಕೇಳೋಣ. ಅಲ್ಲಿ ನಾನೂ ಇರುತ್ತೇನೆ.