ಫರ್ಮಾನ ಆರನೆಯ ಸಂಖ್ಯೆ

1ಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನಿಂದಲ್ಲದೆ ಬೇರಾವ ಪೂರ್ಣಾಂಕದಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. 17 ಅವಿಭಾಜ್ಯವೆಂಬುದು ಶಾಲಾಬಾಲಕನಿಗೂ ತಿಳಿದಿದೆ. ಆದರೆ 4,29,49,67,297 ಎಂಬ ಸಂಖ್ಯೆ ಅವಿಭಾಜ್ಯವೇ? ನೋಡಿದ ಮಾತ್ರಕ್ಕೆ ಹೇಳಲಾಗದು. ಒಬ್ಬ ಮಹಾಗಣಿತಜ್ಞನೇ ಈ ಸಂಖ್ಯೆಯ ವಿಷಯದಲ್ಲಿ ಎಡವಿದನು.

ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ, 2ನ್ನು 1, 2, 4, 8, 16 ಎಂಬ ಘಾತಗಳಿಗೆ ಏರಿಸಿ, ಪ್ರತಿಯೊಂದಕ್ಕೂ 1ನ್ನು ಕೂಡಿಸಿದನು. ದೊರೆತ ಸಂಖ್ಯೆಗಳು 3, 5, 17, 257, 65,537. ಐದೂ ಅವಿಭಾಜ್ಯಗಳೇ! ಘಾತವನ್ನು ಹೀಗೆಯೇ ಇಮ್ಮಡಿಸುತ್ತ ಹೋದರೆ ದೊರೆಯುವುದೆಲ್ಲವೂ ಅವಿಭಾಜ್ಯವೆಂದು 1640ರಲ್ಲಿ ಅವನು ನಂಬಿದನು. ಸಾಧನೆಯನ್ನು ಮಾತ್ರ ಕೊಡಲಾರದೆ ಹೋದನು. ಈ ಸಾಲಿನ ಆರನೆಯ ಸಂಖ್ಯೆ 2³² + 1. ನಾವು ಮೇಲೆ ಕಂಡ ಸಂಖ್ಯೆಯೇ ಅದು.

ಅದರ ವರ್ಗಮೂಲ 65,536ಕ್ಕಿಂತ ಅತ್ಯಲ್ಪ ಹೆಚ್ಚು. ಸಂಖ್ಯೆ ವಿಭಾಜ್ಯವಾಗಿದ್ದರೆ ಅದರ ಒಂದು ಅವಿಭಾಜ್ಯ ಭಾಜಕ ಈ ಮಿತಿಯೊಳಗೆ ಇರಲೇಬೇಕು. ಆದರೆ ಅಷ್ಟರೊಳಗೆ 6,542 ಅವಿಭಾಜ್ಯ ಸಂಖ್ಯೆಗಳಿವೆ! ಒಂದೊಂದರಿಂದಲೂ ಭಾಗಿಸಿ ನೋಡುವ ತಾಳ್ಮೆ ಯಾರಿಗಿದ್ದೀತು? ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಆಯ್ಲರನು ಈ ಶ್ರಮವನ್ನು ತಪ್ಪಿಸುವ ಮಾರ್ಗವನ್ನು ತೋರಿಸಿದನು. ಈ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವೇ ಆಗಲಿ, ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಆಗಿರಲೇಬೇಕು. ಅಂತಹ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಮೊದಲ ನಾಲ್ಕರಿಂದ ಸಂಖ್ಯೆ ಭಾಗವಾಗದು. ಐದನೆಯದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 1732ರಲ್ಲಿ ಆಯ್ಲರನು ತೋರಿಸಿದ ಅಪವರ್ತನ ಇದು:

4,29,49,67,297 = 641 × 67,00,417

ಗುಣಾಕಾರವನ್ನೇ ಮಾಡದೆ 641 ಭಾಜಕವೆಂಬುದನ್ನು ಸಾಧಿಸಬಹುದು. ವಾಚಕರು ಕಾಗದ, ಪೆನ್ಸಿಲುಗಳೊಡನೆ ಪರಿಶೀಲಿಸಲಿ.

641 = 5⁴ + 2⁴. ಇದನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³² ಬರುತ್ತದೆ. ಇದು 641ರ ಅಪವರ್ತ್ಯ.

ಇನ್ನೊಂದು ರೀತಿಯಲ್ಲಿ, 641 = 640 + 1. x⁴ − 1 ಎಂಬುದಕ್ಕೆ x + 1 ಅಪವರ್ತನವೆಂದು ಬೀಜಗಣಿತದಲ್ಲಿ ಕಲಿತಿದ್ದೇವೆ. ಆದುದರಿಂದ 640⁴ − 1 ಸಹ 641ರ ಅಪವರ್ತ್ಯ. 640 = 5 × 2⁷ ಆದುದರಿಂದ ಇದನ್ನು 5⁴ × 2²⁸ − 1 ಎಂದು ಬರೆಯಬಹುದು.

ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿಯುವುದು 2³² + 1. ಎರಡು ಅಪವರ್ತ್ಯಗಳ ವ್ಯತ್ಯಾಸವೂ ಅಪವರ್ತ್ಯವೇ ಆದುದರಿಂದ 641 ಇದನ್ನು ಭಾಗಿಸುತ್ತದೆ.

ಪ್ರಯೋಗಶಾಲೆಯಲ್ಲಿ ಐದು ಬಾರಿಯೂ ಒಂದೇ ಫಲ ಬಂದರೆ ಭೌತಶಾಸ್ತ್ರದ ವಿದ್ಯಾರ್ಥಿ ನಿಯಮವೊಂದನ್ನು ಊಹಿಸುವುದು ಸಹಜ. ಗಣಿತದಲ್ಲಿ ಊಹೆಗೆ ಸ್ಥಾನವುಂಟು. ಆದರೆ ಅದು ಸಾಧನೆಗೆ ಬದಲಾಗಲಾರದು. ಫರ್ಮಾನ ಸಾಲಿನಲ್ಲಿ 65,537ರ ಮುಂದೆ ಒಂದಾದರೂ ಅವಿಭಾಜ್ಯ ಇದುವರೆಗೆ ದೊರೆತಿಲ್ಲ. ಹಾಗಾದರೆ ಇನ್ನು ಮುಂದಿನವೆಲ್ಲವೂ ವಿಭಾಜ್ಯಗಳೇ ಎಂದುಬಿಡೋಣವೇ? ಹಾಗೆಂದರೆ ಫರ್ಮಾನ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ. ಇದರ ಸಾಧನೆ ಇನ್ನೂ ಯಾರಿಗೂ ಒಲಿದಿಲ್ಲ.