ಕೈಯಲ್ಲಿ ಬಲ ಇಲ್ಲ

"ಅತ್ತೆಮ್ಮ, ಬಿಂದಿಗೆ ಯಾಕೆ ಅಲ್ಲೇ ಇಟ್ರಿ?"

"ಕೈಯಾಗೆ ಬಲಾನೇ ಇಲ್ಲ ಕಣವ್ವಾ. ರವಿಕೇನೂ ಸಡಿಲ ಆಗೈತೆ. ವಯಸ್ಸಾಯ್ತು ಬಿಡು."

"ನಿಮಗಿನ್ನೂ 45. ವಯಸ್ಸು ಎಲ್ಲಾಯ್ತು?"

ಸೊಸೆ ಕೇಳಿದ್ದು ಸರಿ. ಅತ್ತೆಗೆ ಇರುವುದು ಸಂಧಿವಾತ. ಬೆರಳಿನ ಗೆಣ್ಣು ಊದುತ್ತದೆ. ಬೆಳಿಗ್ಗೆ ಗಂಟೆಗಟ್ಟಲೆ ಬಿಗಿತ ಬಿಡುವುದಿಲ್ಲ. ಗಂಡಸರಿಗಿಂತ ಹೆಂಗಸರಿಗೇ ಇದು ಹೆಚ್ಚು.

ಈ ಕಾಯಿಲೆ ಕೀಲಿಗಷ್ಟೇ ನಿಲ್ಲುವುದಿಲ್ಲ. ಮೈಯ ಮಾಂಸಖಂಡವನ್ನೂ ಸವೆಸುತ್ತದೆ. ನೋವೆಂದು ಕೂತೇ ಇದ್ದರೆ ಇನ್ನೂ ಸವೆಯುತ್ತದೆ. ಕೈಹಿಡಿತ ಸಡಿಲವಾಗುತ್ತದೆ. ನಡಿಗೆ ನಿಧಾನವಾಗುತ್ತದೆ. ತೂಕ ಇಳಿಯುತ್ತದೆ. ಇದೇ ನಿತ್ರಾಣ. ಆಗ ಬಿದ್ದು ಮೂಳೆ ಮುರಿಯುವುದೂ ಹೆಚ್ಚು.

ಬೇಗ ಔಷಧಿ ಶುರು ಮಾಡಿದರೆ ಕೀಲು ಉಳಿಯುತ್ತದೆ. ಡಾಕ್ಟರು ಹೆಚ್ಚಾಗಿ ಬರೆಯುವುದು ಮೆಥೊಟ್ರೆಕ್ಸೇಟ್ ಮಾತ್ರೆ. ಇದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಈಗ ನಿಮಗೆ ಓದಲು ಬರುತ್ತದಲ್ಲ. ಯಾವ ದಿನ ಎಂದು ಕೇಳಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಬಸುರಿಯರು, ಬಸುರಾಗಬೇಕು ಅನ್ನುವವರು ಇದನ್ನು ತೆಗೆದುಕೊಳ್ಳಬಾರದು. ಡಾಕ್ಟರಿಗೆ ಮೊದಲೇ ಹೇಳಿ.

"ಊಟಕ್ಕೇನು ಪಥ್ಯ?"

"ಪಥ್ಯ ಬೇಡ ಅತ್ತೆಮ್ಮ. ಹುರುಳಿ, ಬೇಳೆ, ಮೊಟ್ಟೆ ತಿನ್ನಿ. ಎಲ್ಲರದೂ ಆದ್ಮೇಲೆ ಉಳಿದಿದ್ದಲ್ಲ, ನಮ್ಮ ಜೊತೇಲೇ. ಊತ ಇಳಿದಾಗ ಕುರ್ಚಿಯಿಂದ ಹತ್ತು ಸಲ ಎದ್ದು ಕೂತ್ಕೊಳ್ಳಿ."

"ಬಿಂದಿಗೆ?"

"ಅದನ್ನ ನಿಮ್ಮ ಮಗ ತರ್ತಾರೆ."