ಮಾತಿನ ಪಾಠ: ತರುಣ ಅಧ್ಯಾಪಕರ ಮೊದಲ ಇಂಗ್ಲಿಷು ತರಗತಿ

ಪ್ರತಿವರ್ಷವೂ ಅಧ್ಯಾಪಕ ತರಬೇತಿ ಸಂಸ್ಥೆಗಳಿಂದ ಕೆಲವರು ತರುಣ ತರುಣಿಯರು ಬೋಧನಾಭ್ಯಾಸಕ್ಕಾಗಿ ನಮ್ಮ ಕಾಸರಗೋಡು ಸೀಮೆಯ ಕನ್ನಡ ಶಾಲೆಗಳಿಗೆ ಬರುವುದುಂಟು. ಅವರು ನಡೆಸಬೇಕಾದ ಪಾಠಗಳಲ್ಲಿ ಅತ್ಯಂತ ಕಠಿನವಾದುದು ಮಕ್ಕಳನ್ನು ಇಂಗ್ಲಿಷಿನಲ್ಲಿ ಮಾತನಾಡಿಸುವ ಪಾಠ. ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದು. ಪದ್ಯವನ್ನು ರಾಗವಾಗಿ ಓದಿ ಮನಸ್ಸನ್ನು ಸೆಳೆಯಬಹುದು. ಮಾತಿನ ಪಾಠದಲ್ಲಾದರೋ ಮಕ್ಕಳೇ ಬಾಯಿ ತೆರೆಯಬೇಕು. ಅವರು ಬಾಯಿ ತೆರೆಯದಿದ್ದರೆ ಅಧ್ಯಾಪಕರು ಎಷ್ಟು ಸೊಗಸಾಗಿ ಮಾತನಾಡಿದರೂ ಪಾಠ ನಡೆಯಲಿಲ್ಲವೆಂದೇ ಅರ್ಥ.

ಇಂಥ ಪಾಠ ನಡೆದ ಮರುದಿನ ಕೆಲವು ತಾಯಿತಂದೆಯರು ಬಂದು, “ಮಾಸ್ಟ್ರೇ, ನಿನ್ನೆ ಇಂಗ್ಲಿಷು ಪಿರಿಯಡಿನಲ್ಲಿ ನೋಟು ಬರೆಸಲೇ ಇಲ್ಲವಂತೆ, ಬರೇ ಮಾತಾಡಿಸಿದರಂತೆ” ಎಂದು ದೂರುವರು. ಮತ್ತೆ ಕೆಲವರು, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷು ಮಾತನಾಡಲು ಬಾರದೆಂದು ಭಾವಿಸಿ, ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುವ ಆಲೋಚನೆಯಲ್ಲಿರುವರು. ಆದುದರಿಂದ ಮಾತಿನ ಪಾಠವೆಂದರೇನು, ಅದು ಹೇಗೆ ನಡೆಯತಕ್ಕದ್ದು, ಅದರಲ್ಲಿ ಕನ್ನಡದ ಸ್ಥಾನವೇನು ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿಯುವುದು ಅವಶ್ಯ.

ಆರನೆಯ ತರಗತಿಯಲ್ಲಿ ಒಬ್ಬ ತರುಣರು ನಡೆಸಿದ ಮೊದಲ ಪಾಠವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಕ್ಕಳು ಮೂವತ್ತಾರು, ಅವಧಿ ನಲವತ್ತು ನಿಮಿಷ. ವಸ್ತುಗಳು ಎಲ್ಲಿವೆ ಎಂದು ಹೇಳಲು ಕಲಿಸುವುದು ಪಾಠದ ಉದ್ದೇಶ. ‘ಇನ್’, ‘ಆನ್’, ‘ಅಂಡರ್’ ಎಂಬ ಮೂರು ಶಬ್ದಗಳಿಗಾಗಿ ಅವರು ಒಂದು ಬುಟ್ಟಿ, ಒಂದು ತೆಂಗಿನಕಾಯಿ, ಒಂದು ಕೊಡೆ ತಂದಿದ್ದರು. ಸಿದ್ಧತೆಯಲ್ಲಿ ಕೊರತೆಯಿರಲಿಲ್ಲ. ಆದರೆ ಮೊದಲ ಹತ್ತು ನಿಮಿಷಗಳಲ್ಲಿ ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಅವರೇ ಉತ್ತರ ಹೇಳುತ್ತ ಹೋದರು. ತರಗತಿಯ ಮೌನವು ಹೊಸ ಅಧ್ಯಾಪಕರನ್ನು ಹೆದರಿಸುವಷ್ಟು ಬೇರಾವುದೂ ಹೆದರಿಸದು. ಮಕ್ಕಳು ಒಕ್ಕೊರಲಿನಿಂದ ‘ಯೆಸ್ ಸಾರ್’ ಎಂದರೇ ಹೊರತು ಒಂದು ವಾಕ್ಯವನ್ನೂ ನುಡಿಯಲಿಲ್ಲ.

ಅನಂತರ ಅವರು, ತರಬೇತಿಯಲ್ಲಿ ಹೇಳಿಕೊಟ್ಟಿದ್ದುದು ನೆನಪಾಯಿತೋ ಏನೋ, ತೆಂಗಿನಕಾಯಿಯನ್ನು ಬುಟ್ಟಿಯಲ್ಲಿಟ್ಟು “ವೇರ್ ಈಸ್ ದ ಕೋಕನಟ್?” ಎಂದು ಕೇಳಿ ಸುಮ್ಮನೆ ನಿಂತರು. ಒಂದು, ಎರಡು, ಮೂರು ಕ್ಷಣಗಳು ಕಳೆದುವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲನೆ “ಕೋಕನಟ್ ಬಾಸ್ಕೆಟ್ ಇನ್” ಎಂದಳು. ಕೆಲವರು ನಕ್ಕರು. ತರುಣರು ನಗಲಿಲ್ಲ, ಗದರಲೂ ಇಲ್ಲ. “ಯೆಸ್, ದ ಕೋಕನಟ್ ಈಸ್ ಇನ್ ದ ಬಾಸ್ಕೆಟ್” ಎಂದು ಅವಳ ಮಾತನ್ನೇ ಸರಿಯಾದ ರೂಪದಲ್ಲಿ ಮರಳಿಸಿ, ಕಾಯಿಯನ್ನು ಅವಳ ಕೈಗೆ ಕೊಟ್ಟು ಮುಂದಿನ ಪ್ರಶ್ನೆಯನ್ನು ಅವಳೇ ಕೇಳುವಂತೆ ಮಾಡಿದರು. ನನ್ನ ಅಭಿಪ್ರಾಯದಲ್ಲಿ ಪಾಠವು ಪ್ರಾರಂಭವಾದುದು ಆಗಲೇ.

ಆ ಮೂರು ಕ್ಷಣಗಳಿಗೆ ಎಷ್ಟು ಬೆಲೆಯಿದೆಯೆಂಬುದನ್ನು ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ ವಿಜ್ಞಾನದ ತರಗತಿಗಳಲ್ಲಿ ಪರೀಕ್ಷಿಸಿ 1974ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಅಧ್ಯಾಪಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವುದು ಸುಮಾರು ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದೊಡನೆ ಮಕ್ಕಳ ಉತ್ತರಗಳು ದೀರ್ಘವಾದುವು; ತಾವಾಗಿ ಉತ್ತರಿಸುವವರು ಹೆಚ್ಚಿದರು. ಸ್ವಂತ ಭಾಷೆಯಲ್ಲಿಯೇ ಇಷ್ಟು ಸಮಯ ಬೇಕಾದರೆ, ಹೊಸ ಭಾಷೆಯಲ್ಲಿ ಶಬ್ದವನ್ನು ಹುಡುಕಿ ಜೋಡಿಸಬೇಕಾದ ಮಗುವಿಗೆ ಎಷ್ಟು ಬೇಕೆಂದು ಬೇರೆ ಹೇಳಬೇಕಾದುದಿಲ್ಲ.

ಇನ್ನು ಆ ಹುಡುಗಿಯ ವಾಕ್ಯವನ್ನು ವಿಚಾರಿಸೋಣ. ‘ತೆಂಗಿನಕಾಯಿ ಬುಟ್ಟಿಯೊಳಗೆ’ ಎಂಬುದು ಕನ್ನಡದ ಕ್ರಮ. ನಾವು ‘ಬುಟ್ಟಿ’ಯ ಬಳಿಕ ‘ಒಳಗೆ’ ಎನ್ನುತ್ತೇವೆ. ಇಂಗ್ಲಿಷರು ‘ಒಳಗೆ’ ಎಂಬುದನ್ನು ಮೊದಲು ಹೇಳಿ ‘ಬುಟ್ಟಿ’ಯನ್ನು ಆಮೇಲೆ ಹೇಳುತ್ತಾರೆ. ತುಳು, ಮಲಯಾಳ, ಕೊಂಕಣಿಗಳಲ್ಲಿಯೂ ಕ್ರಮ ನಮ್ಮಂತೆಯೇ. ನಮ್ಮಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ; ಅವರಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎನ್ನುವಲ್ಲಿ ಅವರು ‘ಐ ಹ್ಯಾವ್ ಟೂ ಬ್ರದರ್ಸ್’ ಎನ್ನುತ್ತಾರೆ. ‘ಹ್ಯಾವ್’ ಎಂಬುದಕ್ಕೆ ಸರಿಸಮನಾದ ಕ್ರಿಯಾಪದವನ್ನು ನಾವು ಅಲ್ಲಿ ಬಳಸುವುದಿಲ್ಲ. ಹೀಗಿರುವಾಗ ಅವಳ ಮಾತು ದಡ್ಡತನದ ಗುರುತಲ್ಲ. ತಿಳಿದ ಭಾಷೆಯ ದಾರಿಯಲ್ಲಿಯೇ ತಿಳಿಯದ ಭಾಷೆಯನ್ನು ಪ್ರವೇಶಿಸುತ್ತಿದ್ದಾಳೆಂಬುದಕ್ಕೆ ಅದು ಸಾಕ್ಷಿ. ತಪ್ಪು ಎಲ್ಲಿಂದ ಬಂತೆಂದು ಅರಿತ ಅಧ್ಯಾಪಕನು ಮಗುವಿನ ಮೇಲೆ ಸಿಟ್ಟಾಗುವುದಿಲ್ಲ.

ಉಚ್ಚಾರಣೆಯೂ ಹೀಗೆಯೇ. ಪಡುವಣ ದಿಕ್ಕಿಗೂ ಒಳಗೆ ತೊಡುವ ಬನಿಯನಿಗೂ ನಾವು ಕನ್ನಡ ಲಿಪಿಯಲ್ಲಿ ‘ವೆಸ್ಟ್’ ಎಂದೇ ಬರೆಯಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಧ್ವನಿಗಳು: ದಿಕ್ಕನ್ನು ಹೇಳುವಾಗ ತುಟಿಗಳು ದುಂಡಗಾಗಬೇಕು, ಬನಿಯನನ್ನು ಹೇಳುವಾಗ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. ನಮ್ಮ ಆಡುಮಾತಿನಲ್ಲಿ ಶಬ್ದಗಳು ಸ್ವರದಿಂದ ಕೊನೆಗೊಳ್ಳುವುದೇ ಹೆಚ್ಚಾದುದರಿಂದ ‘ಬಸ್’ ಎಂಬುದು ‘ಬಸ್ಸು’ ಆಗುತ್ತದೆ, ‘ಪೆನ್’ ಎಂಬುದು ‘ಪೆನ್ನು’ ಆಗುತ್ತದೆ. ಕನ್ನಡದಲ್ಲಿ ಮಾತನಾಡುವಾಗ ಅದು ಸರಿಯೇ. ಇಂಗ್ಲಿಷಿನಲ್ಲಿ ಮಾತನಾಡುವಾಗ ಕೊನೆಯ ಸ್ವರವನ್ನು ಬಿಡಬೇಕು. ಇವನ್ನು ಅಧ್ಯಾಪಕರು ಕನ್ನಡದಲ್ಲಿಯೇ ಎರಡು ಮಾತಿನಲ್ಲಿ ವಿವರಿಸಿದರೆ ಮಕ್ಕಳಿಗೆ ಕೂಡಲೇ ಮನದಟ್ಟಾಗುತ್ತದೆ.

ಇಂಗ್ಲಿಷು ತರಗತಿಯಲ್ಲಿ ಕನ್ನಡವೇ ಕೂಡದೆಂಬ ಅಭಿಪ್ರಾಯವೂ ಉಂಟು. ಇದನ್ನು ವೇಲ್ಸಿನ ಸಿ. ಜೆ. ಡಾಡ್ಸನ್ನರು ಒಪ್ಪಲಿಲ್ಲ. 1967ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ದ್ವಿಭಾಷಾ ವಿಧಾನವನ್ನು ಪ್ರತಿಪಾದಿಸಿದರು. ಹೊಸ ವಾಕ್ಯದ ಅರ್ಥವನ್ನು ಅಧ್ಯಾಪಕರು ಮಾತೃಭಾಷೆಯಲ್ಲಿ ಚುಟುಕಾಗಿ ತಿಳಿಸುವುದು, ಉಳಿದ ಸಮಯವನ್ನು ಹೊಸ ಭಾಷೆಯ ಅಭ್ಯಾಸಕ್ಕೆ ಕೊಡುವುದು ಅದರ ಸಾರ. ಆದರೆ ಪಾಠವಿಡೀ ಭಾಷಾಂತರವಾಗಬಾರದು. ಅನ್ನಕ್ಕೆ ಉಪ್ಪು ಬೇಕು, ಉಪ್ಪೇ ಅನ್ನವಾಗಬಾರದಷ್ಟೆ.

ಮಾತಿಗೆ ಮೊದಲು ಶ್ರವಣ ನಡೆಯಬೇಕೆಂಬುದನ್ನೂ ಮರೆಯಬಾರದು. ಇಂಗ್ಲೆಂಡಿನ ಹೆರಾಲ್ಡ್ ಪಾಮರರು 1922ರಲ್ಲಿ ಜಪಾನಿಗೆ ಹೋಗಿ, ಮರುವರ್ಷ ಟೋಕಿಯೋದಲ್ಲಿ ಇಂಗ್ಲಿಷು ಬೋಧನೆಯ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಏಳು, ಬಾಗಿಲು ತೆರೆ, ಪುಸ್ತಕ ಕೊಡು ಎಂಬ ಆಜ್ಞೆಗಳನ್ನು ಕೇಳಿ ಮಕ್ಕಳು ಕೆಲಸ ಮಾಡಿ ತೋರಿಸುವ ಅಭ್ಯಾಸಕ್ಕೆ ಅವರು ತುಂಬ ಪ್ರಾಶಸ್ತ್ಯ ಕೊಟ್ಟರು. ಕೈಕಾಲು ಆಡಿಸುವ ಮಗು ಆಟವಾಡುತ್ತಿರುವಂತೆ ಕಂಡರೂ ಅದರ ಕಿವಿ ಕಲಿಯುತ್ತಿರುತ್ತದೆ.

ಇನ್ನೊಂದು ಸಣ್ಣ ಲೆಕ್ಕ. ನಲವತ್ತು ನಿಮಿಷಗಳಲ್ಲಿ ಅರ್ಧವನ್ನು ಅಧ್ಯಾಪಕರೇ ತೆಗೆದುಕೊಂಡರೆ ಉಳಿಯುವುದು ಇಪ್ಪತ್ತು ನಿಮಿಷ. ಮೂವತ್ತಾರು ಮಕ್ಕಳು ಒಬ್ಬೊಬ್ಬರಾಗಿ ಮಾತನಾಡಿದರೆ ತಲಾ ಸಿಗುವುದು ಸುಮಾರು ಮೂವತ್ತಮೂರು ಸೆಕೆಂಡು. ಅದರ ಬದಲು ಇಬ್ಬಿಬ್ಬರನ್ನು ಜೊತೆಗೂಡಿಸಿ ಹತ್ತು ನಿಮಿಷ ಪ್ರಶ್ನೋತ್ತರ ನಡೆಸಿದರೆ ಪ್ರತಿಯೊಬ್ಬರಿಗೂ ಐದು ನಿಮಿಷ ಸಿಗುತ್ತದೆ. ಆ ತರುಣರು ಪಾಠದ ಉತ್ತರಾರ್ಧದಲ್ಲಿ ಹೀಗೆಯೇ ಮಾಡಿದರು. ಗದ್ದಲವಾಯಿತು, ನಿಜ, ಆದರೆ ಅದು ಕಲಿಕೆಯ ಗದ್ದಲ. ಪ್ರೊಫೆಸರ್ ಎನ್. ಎಸ್. ಪ್ರಭು ಅವರು 1979ರಿಂದ 1984ರ ತನಕ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿ, ‘ಬೆಂಗಳೂರು ಯೋಜನೆ’ಯೆಂದು ಹೆಸರಾದ ಪ್ರಯೋಗವೂ ಇಲ್ಲಿ ಸ್ಮರಣೀಯ. ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಿಸುವ ಬದಲು ವೇಳಾಪಟ್ಟಿ, ನಕ್ಷೆ ಮೊದಲಾದವುಗಳನ್ನು ಕೊಟ್ಟು, ಯೋಚಿಸಿ ಉತ್ತರಿಸಬೇಕಾದ ಕೆಲಸಗಳನ್ನು ಅಲ್ಲಿ ಒಡ್ಡಲಾಗುತ್ತಿತ್ತು. ಹೇಳಬೇಕಾದ ವಿಷಯವೊಂದಿದ್ದರೆ ಮಾತು ತಾನಾಗಿ ಬರುತ್ತದೆ.

ಇದಕ್ಕೆ ದೂರದ ನಿದರ್ಶನವೇಕೆ? ನಮ್ಮ ಮಕ್ಕಳನ್ನೇ ನೋಡಿರಿ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಅಥವಾ ಬ್ಯಾರಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯಲ್ಲಿ ಮಲಯಾಳ. ಹತ್ತು ವರ್ಷದ ಬಾಲಕನು ಅಂಗಡಿಯವರೊಡನೆ ಒಂದು ಭಾಷೆಯಲ್ಲಿ ಚೌಕಾಶಿ ಮಾಡಿ, ಅಜ್ಜಿಗೆ ಇನ್ನೊಂದರಲ್ಲಿ ವರದಿಯೊಪ್ಪಿಸುತ್ತಾನೆ. ಇವನ್ನು ಅವನು ನೋಟುಪುಸ್ತಕದಿಂದ ಕಲಿಯಲಿಲ್ಲ. ಕೇಳಿ, ತಪ್ಪಿ, ತಿದ್ದಿಕೊಂಡು ಕಲಿತನು. ಒಂದೊಂದು ಭಾಷೆಯೂ ಮುಂದಿನ ಭಾಷೆಗೆ ಮೆಟ್ಟಿಲಾಯಿತೇ ವಿನಾ ಅಡ್ಡಿಯಾಗಲಿಲ್ಲ. ಇಂಗ್ಲಿಷಿಗೆ ಮಾತ್ರ ಕನ್ನಡವು ಅಡ್ಡಿಯೆಂದು ಹೇಗೆ ಹೇಳೋಣ? ಕೊರತೆಯಿರುವುದು ಇಂಗ್ಲಿಷನ್ನು ಕೇಳುವ, ಆಡುವ ಅವಕಾಶದಲ್ಲಿ. ಅದನ್ನು ಒದಗಿಸಬೇಕಾದುದು ಶಾಲೆಯ ಕರ್ತವ್ಯ. ಮಾತಿನ ಪಾಠಗಳು ಇರುವುದು ಅದಕ್ಕಾಗಿಯೇ.

ವಿದ್ಯಾರ್ಥಿಗಳೇ, ಮೂರು ವಾಕ್ಯಗಳನ್ನು ಸದಾ ನಾಲಗೆಯ ತುದಿಯಲ್ಲಿಟ್ಟುಕೊಳ್ಳಿರಿ. ಕೇಳಿಸದಿದ್ದಾಗ “ಪ್ಲೀಸ್ ಸೇ ಇಟ್ ಅಗೇನ್” ಎನ್ನಿರಿ. ತಿಳಿಯದಿದ್ದಾಗ “ಐ ಡೋಂಟ್ ಅಂಡರ್‌ಸ್ಟ್ಯಾಂಡ್” ಎನ್ನಿರಿ. ಶಬ್ದ ಸಿಗದಿದ್ದಾಗ “ಹೌ ಡು ಯು ಸೇ ದಿಸ್ ಇನ್ ಇಂಗ್ಲಿಷ್?” ಎಂದು ಕೇಳಿರಿ. ಜೊತೆಯವರು ತಪ್ಪಿದಾಗ ನಗಬೇಡಿರಿ. ಒಂದು ನಗೆಯು ಒಂದು ಮಗುವಿನ ಬಾಯನ್ನು ವರ್ಷಗಟ್ಟಲೆ ಮುಚ್ಚಿಸಬಲ್ಲುದು.

ಪೋಷಕರಲ್ಲಿಯೂ ಒಂದು ವಿಜ್ಞಾಪನೆ. ನೆಂಟರ ಮುಂದೆ ಮಗುವನ್ನು ನಿಲ್ಲಿಸಿ “ಇಂಗ್ಲಿಷಿನಲ್ಲಿ ಏನಾದರೂ ಹೇಳು” ಎಂದು ಒತ್ತಾಯಿಸಬೇಡಿರಿ. ತಮಗೆ ಇಂಗ್ಲಿಷು ಬಾರದೆಂದು ಸಂಕೋಚಪಡಬೇಕಾದುದೂ ಇಲ್ಲ. ಸಂಜೆ ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಇಂದು ಶಾಲೆಯಲ್ಲಿ ಯಾರೊಡನೆ ಏನು ಮಾತನಾಡಿದೆಯೆಂದು ತಮ್ಮ ಮನೆಯ ಭಾಷೆಯಲ್ಲಿಯೇ ವಿಚಾರಿಸಿರಿ. ಅದು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕದೆ ಕೇಳಿರಿ. ಮನೆಯಲ್ಲಿ ತನ್ನ ಮಾತಿಗೆ ಕಿವಿಗೊಡುವವರಿದ್ದಾರೆಂದು ತಿಳಿದ ಮಗು ತರಗತಿಯಲ್ಲಿ ಯಾವ ಭಾಷೆಗೂ ಹೆದರುವುದಿಲ್ಲ.